ಪೊಟ್ಟಣದ ಬೆನ್ನಿನ ಬರಹ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಗಾದೆ ಹುಟ್ಟಿದ ಕಾಲದಲ್ಲಿ ಊಟವನ್ನು ಅರಿಯುವುದು ಅಷ್ಟೇನೂ ಕಠಿಣವಾದ ಕೆಲಸವಾಗಿರಲಿಲ್ಲ. ಜೋಳವು ಕಣ್ಣೆದುರಿಗೇ ತೆನೆಯಾಗುತ್ತಿತ್ತು. ಶೇಂಗಾ ಗಾಣದಲ್ಲಿ ಕಣ್ಣೆದುರಿಗೇ ಎಣ್ಣೆಯಾಗುತ್ತಿತ್ತು. ಬೆಲ್ಲದ ಬಣ್ಣ ನೋಡಿ, ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ ನಮ್ಮ ಹಿರಿಯರು ಅದರ ಗುಣವನ್ನು ಹೇಳಬಲ್ಲವರಾಗಿದ್ದರು. ಇಂದು ಹಾಗಿಲ್ಲ. ಸಿರುಗುಪ್ಪ ತಾಲ್ಲೂಕಿನ ನಮ್ಮ ಕರೂರಿನಂಥ ಊರಿನಲ್ಲಿಯೂ ಕಿರಾಣಿ ಅಂಗಡಿಗಳ ಮುಂದೆ ಬಣ್ಣಬಣ್ಣದ ಪೊಟ್ಟಣಗಳ ಸರಗಳು ತೂಗಾಡುತ್ತಿರುವುವು. ಒಳಗಿನ ಪದಾರ್ಥವನ್ನು ಮುಟ್ಟಿ ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ. ಅದನ್ನು ಅರಿಯಲು ಉಳಿದಿರುವ ದಾರಿ ಒಂದೇ: ಪೊಟ್ಟಣದ ಮೇಲಿನ ಬರಹ. ಆದುದರಿಂದ ಈ ಕಾಲದಲ್ಲಿ ಊಟ ಬಲ್ಲವನಾಗಬೇಕಾದರೆ ಮೊದಲು ಈ ಬರಹವನ್ನು ಓದಬಲ್ಲವನಾಗಬೇಕು. ಅದನ್ನು ಓದುವ ಬಗೆಯನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಪೊಟ್ಟಣಕ್ಕೆ ಎರಡು ಮುಖಗಳುಂಟು. ಮುಂದಿನ ಮುಖದಲ್ಲಿ ಮಾತನಾಡುವವನು ಮಾರಾಟಗಾರ. ಹಿಂದಿನ ಮುಖದಲ್ಲಿ ಮಾತನಾಡುವುದು ಕಾನೂನು. ಮುಂದೆ ಹಣ್ಣಿನ ಚಿತ್ರ, ಹಸಿರು ಹೊಲದ ಚಿತ್ರ, ನಗುವ ಮಗುವಿನ ಚಿತ್ರ. ಹಿಂದೆ ಸಣ್ಣ ಅಕ್ಷರಗಳಲ್ಲಿ ಒಂದು ಪಟ್ಟಿ, ಒಂದು ಕೋಷ್ಟಕ. ಭಾರತದಲ್ಲಿ ಈ ವಿಷಯವನ್ನು ಆಳುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟಗಳ ಅಧಿನಿಯಮ. ಅದರಂತೆ 2008ರಲ್ಲಿ ಒಂದು ಪ್ರಾಧಿಕಾರವು ಸ್ಥಾಪಿತವಾಯಿತು. ಎಫ್‌ಎಸ್‌ಎಸ್‌ಎಐ ಎಂದು ಎಲ್ಲರೂ ಕರೆಯುವುದು ಇದನ್ನೇ. ಪೊಟ್ಟಣದ ಮೇಲೆ ಏನನ್ನು ಬರೆಯಲೇಬೇಕು ಎಂಬುದನ್ನು ಈ ಪ್ರಾಧಿಕಾರದ 2020ರ ನಿಬಂಧನೆಗಳೂ, ಏನನ್ನು ಹೊಗಳಿಕೊಳ್ಳಬಹುದು ಎಂಬುದನ್ನು 2018ರ ನಿಬಂಧನೆಗಳೂ ಹೇಳುತ್ತವೆ. ಈ ಸಂಸ್ಥೆಯ ಗುರುತಿನ ಕೆಳಗೆ 14 ಅಂಕಿಗಳ ಒಂದು ಸಂಖ್ಯೆ ಇರುವುದನ್ನು ನಾವು ಕಾಣುತ್ತೇವೆ. ಅದು ತಯಾರಕನಿಗೆ ಪರವಾನಗಿ ಉಂಟೆಂಬುದಕ್ಕೆ ಸಾಕ್ಷಿಯೇ ಹೊರತು, ಒಳಗಿರುವ ತಿನಿಸು ಆರೋಗ್ಯಕ್ಕೆ ಹಿತವೆಂಬುದಕ್ಕೆ ಪ್ರಮಾಣಪತ್ರವಲ್ಲ. ಈ ಭೇದವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲು ನೋಡತಕ್ಕದ್ದು ಒಳಗೆ ಹಾಕಿರುವ ಪದಾರ್ಥಗಳ ಪಟ್ಟಿ. ಈ ಪಟ್ಟಿಗೆ ಒಂದು ಕ್ರಮವಿದೆ. ಯಾವ ಪದಾರ್ಥವು ತೂಕದಲ್ಲಿ ಅಥವಾ ಅಳತೆಯಲ್ಲಿ ಎಲ್ಲಕ್ಕಿಂತ ಹೆಚ್ಚೋ ಅದು ಮೊದಲು. ಅದಕ್ಕಿಂತ ಕಡಮೆಯಾದುದು ಅದರ ಅನಂತರ. ಮುಂದಿನ ಮುಖದಲ್ಲಿ ‘ರಾಗಿ ಬಿಸ್ಕತ್ತು’ ಎಂದು ದಪ್ಪ ಅಕ್ಷರದಲ್ಲಿದ್ದು, ಹಿಂದಿನ ಪಟ್ಟಿಯಲ್ಲಿ ಮೈದಾ, ಸಕ್ಕರೆ, ಪಾಮೋಲಿನ್ ಎಣ್ಣೆ ಇವುಗಳಾದ ಮೇಲೆ ರಾಗಿಯ ಹೆಸರು ಬಂದಿದ್ದರೆ, ನಾವು ಕೊಂಡದ್ದು ರಾಗಿಯ ಹೆಸರಿನ ಮೈದಾ ಬಿಸ್ಕತ್ತು ಎಂದೇ ತಿಳಿಯಬೇಕು. ಸಕ್ಕರೆಯೂ ಈ ಪಟ್ಟಿಯಲ್ಲಿ ಹಲವು ವೇಷಗಳಲ್ಲಿ ಬರುವುದುಂಟು. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಇನ್ವರ್ಟ್ ಸಿರಪ್, ಜೇನು, ಬೆಲ್ಲ ಇವೆಲ್ಲವೂ ಸಕ್ಕರೆಯ ನೆಂಟರೇ. ಒಂದೇ ಸಕ್ಕರೆಯನ್ನು ಮೂರು ಹೆಸರುಗಳಲ್ಲಿ ಹಂಚಿದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಕ್ಕೆ ಜಾರುವುದು. ಓದುವವನು ಮಾತ್ರ ಅವನ್ನು ಕೂಡಿಸಿ ನೋಡಬೇಕು.

ಎರಡನೆಯದು ಪೋಷಕಾಂಶಗಳ ಕೋಷ್ಟಕ. ಇದರಲ್ಲಿ ಶಕ್ತಿಯನ್ನು ಕಿಲೋಕ್ಯಾಲೊರಿಗಳಲ್ಲಿ, ಪ್ರೋಟೀನು, ಶರ್ಕರಪಿಷ್ಟ, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಪರ್ಯಾಪ್ತ ಕೊಬ್ಬು, ಟ್ರಾನ್ಸ್ ಕೊಬ್ಬು ಇವನ್ನು ಗ್ರಾಂಗಳಲ್ಲಿ, ಕೊಲೆಸ್ಟರಾಲ್ ಮತ್ತು ಸೋಡಿಯಂಗಳನ್ನು ಮಿಲಿಗ್ರಾಂಗಳಲ್ಲಿ ಕೊಟ್ಟಿರುತ್ತಾರೆ. ಬರಿಯ ಅಂಕಿಗಳಿಂದ ನಮಗೆ ಏನೂ ತಿಳಿಯದು. ಅಳೆಯಲು ಒಂದು ಮಾನ ಬೇಕು. ಆ ಮಾನವನ್ನೂ ನಿಬಂಧನೆಯೇ ಕೊಟ್ಟಿದೆ. ವಯಸ್ಕನೊಬ್ಬನಿಗೆ ದಿನಕ್ಕೆ 2000 ಕಿಲೋಕ್ಯಾಲೊರಿ, 67 ಗ್ರಾಂ ಕೊಬ್ಬು, ಅದರಲ್ಲಿ ಪರ್ಯಾಪ್ತ ಕೊಬ್ಬು 22 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಎಂಬುದೇ ಆ ಲೆಕ್ಕ. ಸೋಡಿಯಂ ಎಂದರೆ ಉಪ್ಪಿನ ಒಂದು ಭಾಗ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುವುದು. ಅಂದರೆ ದಿನವೆಲ್ಲ ತಿನ್ನಬಹುದಾದ ಉಪ್ಪು 5 ಗ್ರಾಂ, ಸುಮಾರು ಒಂದು ಸಣ್ಣ ಚಮಚ.

ಈ ಕೋಷ್ಟಕದಲ್ಲಿ ಬಹುಮಂದಿ ಎಡವುವ ಒಂದು ಸ್ಥಳವಿದೆ. ಅದಾವುದೆಂದರೆ ‘ಒಂದು ಸಲದ ಪ್ರಮಾಣ’ ಎಂಬುದು. ಒಂದು ಬಿಸ್ಕತ್ತಿನ ಪೊಟ್ಟಣದ ಮೇಲೆ 100 ಗ್ರಾಂಗೆ ಸೇರಿಸಿದ ಸಕ್ಕರೆ 26 ಗ್ರಾಂ, ಒಂದು ಸಲದ ಪ್ರಮಾಣ 25 ಗ್ರಾಂ ಎಂದಿದೆಯೆಂದು ಭಾವಿಸೋಣ. ಆಗ ಒಂದು ಸಲಕ್ಕೆ ಸಕ್ಕರೆ ಆರೂವರೆ ಗ್ರಾಂ. ದಿನದ ಲೆಕ್ಕದಲ್ಲಿ ಶೇಕಡ 13 ಮಾತ್ರ. ಓದಿದವರಿಗೆ ‘ಇಷ್ಟೇ ತಾನೆ’ ಎನಿಸುವುದು ಸಹಜ. ಆದರೆ ಪೊಟ್ಟಣದ ತೂಕ 75 ಗ್ರಾಂ ಇದ್ದು, ಶಾಲೆಯಿಂದ ಬಂದ ಹುಡುಗ ಅದನ್ನು ಪೂರ್ತಿಯಾಗಿ ತಿಂದು ಮುಗಿಸಿದರೆ ಅವನ ಹೊಟ್ಟೆಗೆ ಹೋದ ಸಕ್ಕರೆ ಹತ್ತೊಂಬತ್ತೂವರೆ ಗ್ರಾಂ. ಎಂದರೆ ವಯಸ್ಕನ ದಿನದ ಮಿತಿಯಲ್ಲಿ ಶೇಕಡ 39. ಅಂಕಿಯಲ್ಲಿ ಸುಳ್ಳಿಲ್ಲ, ತಿನ್ನುವವನು ಸಲದ ಲೆಕ್ಕದಲ್ಲಿ ತಿನ್ನುವುದಿಲ್ಲ, ಪೊಟ್ಟಣದ ಲೆಕ್ಕದಲ್ಲಿ ತಿನ್ನುತ್ತಾನೆ, ಅಷ್ಟೇ. ಆದುದರಿಂದ 100 ಗ್ರಾಂನ ಅಂಕಿಯನ್ನು ಹಿಡಿದು, ನಾವು ನಿಜವಾಗಿ ತಿನ್ನುವ ತೂಕಕ್ಕೆ ಲೆಕ್ಕ ಹಾಕುವುದೇ ಸರಿಯಾದ ಮಾರ್ಗ. ಪ್ರಾಥಮಿಕ ಶಾಲೆಯ ತ್ರೈರಾಶಿ ಇದಕ್ಕೆ ಸಾಕು.

ಇನ್ನು ಮುಂದಿನ ಮುಖದ ಹೊಗಳಿಕೆಗಳನ್ನು ವಿಚಾರಿಸೋಣ. ಇವುಗಳಲ್ಲಿ ಕೆಲವಕ್ಕೆ ಕಾನೂನು ಖಚಿತವಾದ ಅಳತೆಯನ್ನು ಕೊಟ್ಟಿದೆ. ‘ಸಕ್ಕರೆರಹಿತ’ ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಿರಬಾರದು. ‘ಕಡಮೆ ಸಕ್ಕರೆ’ ಎನ್ನಬೇಕಾದರೆ ಗಟ್ಟಿ ಪದಾರ್ಥದಲ್ಲಿ 5 ಗ್ರಾಂ ಮೀರಿರಬಾರದು. ‘ಕಡಮೆ ಕೊಬ್ಬು’ ಎಂಬುದಕ್ಕೆ 3 ಗ್ರಾಂ ಮಿತಿ. ‘ನಾರಿನ ಆಗರ’ ಎಂಬ ಅರ್ಥದ ಮಾತಿಗೆ 100 ಗ್ರಾಂನಲ್ಲಿ ಕನಿಷ್ಠ 6 ಗ್ರಾಂ ನಾರಿರಬೇಕು. ‘ಟ್ರಾನ್ಸ್ ಕೊಬ್ಬಿಲ್ಲ’ ಎಂದರೆ 0.2 ಗ್ರಾಂಗಿಂತ ಕಡಮೆ ಎಂದರ್ಥವೇ ಹೊರತು ಸೊನ್ನೆಯೆಂದಲ್ಲ. ‘ನೈಸರ್ಗಿಕ’, ‘ಶುದ್ಧ’, ‘ತಾಜಾ’, ‘ಅಸಲಿ’ ಮೊದಲಾದ ಪದಗಳಿಗೂ ನಿಯಮಗಳಿವೆ. ಆದರೆ ಅಂಥ ಪದವನ್ನು ಕಂಪನಿಯು ತನ್ನ ಮುದ್ರೆಯ ಹೆಸರಿನಲ್ಲಿಯೇ ಸೇರಿಸಿಕೊಂಡಿದ್ದರೆ, ‘ಇದು ಕೇವಲ ಮುದ್ರೆಯ ಹೆಸರು, ಪದಾರ್ಥದ ನಿಜಸ್ವರೂಪವನ್ನು ಸೂಚಿಸುವುದಿಲ್ಲ’ ಎಂಬ ಅರ್ಥದ ವಾಕ್ಯವನ್ನು ಕನಿಷ್ಠ 3 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ ಅಚ್ಚು ಹಾಕಬೇಕು. ಹೆಸರು ಅಂಗೈಯಗಲ, ಈ ವಾಕ್ಯ ಜೋಳದ ಕಾಳಿನಷ್ಟು!

ಕೆಲವು ಹೊಗಳಿಕೆಗಳು ನಿಜವಾಗಿದ್ದೂ ನಮ್ಮನ್ನು ಮೋಸಗೊಳಿಸಬಲ್ಲವು. ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದಿರುವುದನ್ನು ಎಲ್ಲರೂ ಕಂಡಿದ್ದಾರೆ. ಕೊಲೆಸ್ಟರಾಲ್ ಎಂಬುದು ಪ್ರಾಣಿಗಳಿಂದ ಬರುವ ಆಹಾರದಲ್ಲಿ ಇರತಕ್ಕದ್ದು. ಸಸ್ಯದ ಎಣ್ಣೆಯಲ್ಲಿ ಅದು ಗಣನೆಗೆ ಬರುವಷ್ಟು ಇರುವುದೇ ಇಲ್ಲ. ಹಾಗೆ ನೋಡಿದರೆ ನಮ್ಮ ಊರ ಗಾಣದ ಶೇಂಗಾ ಎಣ್ಣೆಯೂ ಕೊಲೆಸ್ಟರಾಲ್ ಇಲ್ಲದ್ದೇ. ಬೆಲೆಗೆ ಕಾರಣವಾಗದ ಗುಣವನ್ನು ಹೇಳಿ ಬೆಲೆಯನ್ನು ಪಡೆಯುವ ಜಾಣತನವಿದು.

ನನ್ನ ಚಿಕ್ಕವ್ವ ಒಬ್ಬರಿಗೆ ಸಕ್ಕರೆ ಕಾಯಿಲೆಯಿದೆ. ಅವರು ಹೊಲದ ಕೂಲಿಯ ಹಣದಲ್ಲಿ ಸಾಮಾನ್ಯ ಬಿಸ್ಕತ್ತಿಗಿಂತ ಹೆಚ್ಚು ಬೆಲೆಯ ‘ಶುಗರ್ ಫ್ರೀ’ ಬಿಸ್ಕತ್ತುಗಳನ್ನು ತರಿಸಿ, ಚಹಾದೊಡನೆ ಎಂಟು ಹತ್ತು ತಿನ್ನುತ್ತಿದ್ದರು. ಕೇಳಿದರೆ, “ಸಕ್ರಿ ಇಲ್ಲಂತ ಬರ್ದೈತಂತಲ್ಲವ್ವಾ, ಎಷ್ಟು ತಿಂದ್ರೂ ಏನಾಗಲ್ಲ” ಎನ್ನುತ್ತಿದ್ದರು. ಅಂಗಡಿಯಲ್ಲಿ ಅವರಿಗೆ ಯಾರೋ ಮುಂದಿನ ಎರಡು ಪದಗಳನ್ನು ಓದಿ ಹೇಳಿದ್ದರು; ಹಿಂದಿನದನ್ನು ಓದಿ ಹೇಳಿದವರಿಲ್ಲ. ಹಿಂದೆ ಮೊದಲ ಹೆಸರೇ ಮೈದಾ. ಮೈದಾದ ಪಿಷ್ಟವು ಹೊಟ್ಟೆಯಲ್ಲಿ ಕರಗಿದಾಗ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುವುದು. ಸಕ್ಕರೆಯನ್ನು ತೆಗೆದುಹಾಕಿದ ಮಾತ್ರಕ್ಕೆ ಪಿಷ್ಟ ಮಾಯವಾಗುವುದಿಲ್ಲ. ಕಾಯಿಲೆಯವರು ನೋಡಬೇಕಾದುದು ಒಟ್ಟು ಶರ್ಕರಪಿಷ್ಟದ ಸಾಲನ್ನು. ಇದನ್ನು ಕೂತು ವಿವರಿಸಿದ ಮೇಲೆ ಚಿಕ್ಕವ್ವ ಕೇಳಿದ್ದು ಒಂದೇ ಮಾತು: “ಹಂಗಾದ್ರ ಅದನ್ನ ಮುಂದ ಯಾಕ ಬರಿಯಂಗಿಲ್ಲ?” ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾದ ನಾನು ಇದಕ್ಕೆ ಉತ್ತರವನ್ನು ಬಲ್ಲೆನಾದರೂ, ಆ ಉತ್ತರವು ಅವರಿಗೆ ಸಮಾಧಾನ ಕೊಡುವಂಥದಲ್ಲ.

ಅಕ್ಕಿಯ ವಿಷಯವೂ ಹೀಗೆಯೇ. ತುಂಗಭದ್ರೆಯ ಕಾಲುವೆಗಳ ನೀರಿನಿಂದ ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಆರ್‌ಎನ್‌ಆರ್ 15048 ಎಂಬ ತಳಿಯ ಹೆಸರನ್ನು ಕೇಳದ ರೈತನಿಲ್ಲ. ಹೈದರಾಬಾದಿನ ರಾಜೇಂದ್ರನಗರದಲ್ಲಿ ಸಿದ್ಧವಾದ ಈ ಸಣ್ಣಕ್ಕಿಯನ್ನು ಪೇಟೆಯಲ್ಲಿ ‘ಶುಗರ್ ಫ್ರೀ ಅಕ್ಕಿ’ ಎಂದು ಮಾರುವುದುಂಟು. ಈ ಅಕ್ಕಿಯ ಗ್ಲೈಸೀಮಿಕ್ ಸೂಚ್ಯಂಕ, ಎಂದರೆ ರಕ್ತದಲ್ಲಿ ಗ್ಲೂಕೋಸನ್ನು ಏರಿಸುವ ವೇಗದ ಅಳತೆ, ಸುಮಾರು 51. ಅನೇಕ ಅಕ್ಕಿಗಳಿಗಿಂತ ಕಡಮೆ. ಇದು ತಳಿಯ ನಿಜವಾದ ಹಿರಿಮೆ. ಆದರೆ ವೇಗ ಕಡಮೆಯೆಂದರೆ ಸಕ್ಕರೆಯೇ ಇಲ್ಲವೆಂದಲ್ಲ. ಇದೂ ಅಕ್ಕಿಯೇ, ಇದರ ಬಹುಭಾಗವೂ ಪಿಷ್ಟವೇ. ಚಕ್ಕಡಿ ನಿಧಾನವಾಗಿ ಹೋದರೂ ಹೊತ್ತ ಭಾರ ಅಷ್ಟೇ ಅಲ್ಲವೆ? ಹೆಸರನ್ನು ನಂಬಿ ಎರಡು ತುತ್ತು ಹೆಚ್ಚಿಗೆ ಉಂಡರೆ ತಳಿಯ ಗುಣವೂ ವ್ಯರ್ಥವಾಗುವುದು.

ಈ ವಿಚಾರದಲ್ಲಿ ದೇಶದಲ್ಲಿ ಇತ್ತೀಚೆಗೆ ನಡೆದ ಮೂರು ಪ್ರಸಂಗಗಳು ಗಮನಾರ್ಹವಾಗಿವೆ. ಮೊದಲನೆಯದು ಬೋರ್ನ್‌ವಿಟಾ ಪ್ರಸಂಗ. 2023ರ ಏಪ್ರಿಲಿನಲ್ಲಿ ಈ ಪುಡಿಯಲ್ಲಿನ ಸಕ್ಕರೆಯ ಬಗೆಗೆ ದೊಡ್ಡ ಚರ್ಚೆಯೆದ್ದು, ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಕಂಪನಿಗೆ ನೋಟೀಸು ಕಳುಹಿಸಿತು. ತನ್ನ ತಯಾರಿಕೆಯು ಕಾನೂನಿಗೆ ಅನುಗುಣವಾಗಿದೆಯೆಂದು ಕಂಪನಿ ಹೇಳಿತಾದರೂ, ಅದೇ ವರ್ಷದ ಕೊನೆಯ ವೇಳೆಗೆ 100 ಗ್ರಾಂಗೆ 37.4 ಗ್ರಾಂ ಇದ್ದ ಸೇರಿಸಿದ ಸಕ್ಕರೆಯು 32.2 ಗ್ರಾಂಗೆ ಇಳಿಯಿತು. 2024ರ ಏಪ್ರಿಲಿನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವು, ‘ಆರೋಗ್ಯ ಪಾನೀಯ’ ಎಂಬುದಕ್ಕೆ ನಮ್ಮ ಆಹಾರ ಕಾನೂನಿನಲ್ಲಿ ವ್ಯಾಖ್ಯೆಯೇ ಇಲ್ಲವಾದ್ದರಿಂದ ಇಂಥ ಪುಡಿಗಳನ್ನು ಆ ವರ್ಗದಲ್ಲಿಟ್ಟು ಮಾರಕೂಡದೆಂದು ಆನ್‌ಲೈನ್ ಮಾರಾಟದ ಕಂಪನಿಗಳಿಗೆ ಸೂಚಿಸಿತು. ವ್ಯಾಖ್ಯೆಯೇ ಇಲ್ಲದ ಒಂದು ಪದವನ್ನು ನಂಬಿ ಎಷ್ಟು ತಾಯಂದಿರು ಎಷ್ಟು ವರ್ಷ ಹಣ ತೆತ್ತರೆಂಬುದನ್ನು ಓದುಗರೇ ಊಹಿಸಲಿ.

ಎರಡನೆಯದು ಹಣ್ಣಿನ ರಸದ್ದು. ಗಟ್ಟಿ ಮಾಡಿದ ರಸಕ್ಕೆ ಮತ್ತೆ ನೀರು ಬೆರೆಸಿದ ಪಾನೀಯಗಳ ಮೇಲೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯುತ್ತಿದ್ದುದನ್ನು ತೆಗೆದುಹಾಕಬೇಕೆಂದು ಪ್ರಾಧಿಕಾರವು 2024ರ ಜೂನಿನಲ್ಲಿ ನಿರ್ದೇಶಿಸಿತು.

ಮೂರನೆಯದು ಇವೆರಡಕ್ಕಿಂತಲೂ ಗಂಭೀರವಾದುದು. ಬಳ್ಳಾರಿಯ ಬೇಸಗೆಯಲ್ಲಿ ಮಕ್ಕಳಿಗೆ ವಾಂತಿಭೇದಿಯಾದಾಗ ಓಆರ್‌ಎಸ್ ಎಂಬ ಜೀವರಕ್ಷಕ ದ್ರಾವಣವನ್ನು ಕುಡಿಸುವುದು ಎಲ್ಲರಿಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರು ನೀರಿಗೆ ಅಡಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ಈ ಪ್ರಮಾಣದಲ್ಲಿಯೇ ಅದರ ಶಕ್ತಿಯಿರುವುದು. ಗ್ಲೂಕೋಸ್ ಮತ್ತು ಉಪ್ಪು ಹದವಾಗಿ ಬೆರೆತಾಗ ಕರುಳು ನೀರನ್ನು ಹೀರಿಕೊಳ್ಳುವುದು. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿಯನ್ನು ಹೆಚ್ಚಿಸುವುದು. ಹೀಗಿರುವಲ್ಲಿ, ಇದಕ್ಕಿಂತ ಹಲವು ಪಟ್ಟು ಸಕ್ಕರೆಯುಳ್ಳ ಹಣ್ಣಿನ ರುಚಿಯ ಪಾನೀಯಗಳು ತಮ್ಮ ಹೆಸರಿನಲ್ಲಿಯೇ ಓಆರ್‌ಎಸ್ ಎಂಬ ಮೂರು ಅಕ್ಷರಗಳನ್ನು ಇಟ್ಟುಕೊಂಡು ಔಷಧದಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದಲ್ಲ’ ಎಂಬ ಸೂಚನೆಯಿದ್ದರೆ ಸಾಕೆಂದು 2022ರಲ್ಲಿಯೂ 2024ರಲ್ಲಿಯೂ ಆದೇಶಗಳಾಗಿದ್ದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಹಲವು ವರ್ಷಗಳ ಕಾಲ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರವು ಆ ಆದೇಶಗಳನ್ನು ಹಿಂತೆಗೆದುಕೊಂಡು, ಇಂಥ ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಕೂಡದೆಂದು ಹೇಳಿತು. ಸಣ್ಣ ಅಕ್ಷರದ ಸೂಚನೆಯು ದೊಡ್ಡ ಅಕ್ಷರದ ಹೆಸರನ್ನು ತಿದ್ದಲಾರದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ಆಶಾ ಕಾರ್ಯಕರ್ತೆಯರು ಕೊಡುವ ಓಆರ್‌ಎಸ್ ಪುಡಿಯ ಪೊಟ್ಟಣದಲ್ಲಿ ಬಣ್ಣದ ಹಣ್ಣಿನ ಚಿತ್ರವಿಲ್ಲದಿದ್ದರೂ ಮಗುವನ್ನು ಉಳಿಸುವುದು ಅದೇ.

ಇಷ್ಟು ಹೇಳಿದ ಮಾತ್ರಕ್ಕೆ ಪೊಟ್ಟಣದಲ್ಲಿ ಬಂದುದೆಲ್ಲವೂ ವಿಷವೆಂಬ ಭಾವನೆ ಯಾರಿಗೂ ಬರಬಾರದು. ಉಪ್ಪಿನ ಪೊಟ್ಟಣದ ಮೇಲಿನ ‘ಅಯೋಡಿನ್‌ಯುಕ್ತ’ ಎಂಬ ಪದವು ಗಳಗಂಡ ರೋಗವನ್ನು ತಡೆಯುವ ಮಾತು. ನ್ಯಾಯಬೆಲೆ ಅಂಗಡಿಗಳಿಗೆ ಸಾರವರ್ಧಿತ ಅಕ್ಕಿ ಬಂದಾಗ, ಅದರಲ್ಲಿ ಬೇರೆ ಬಗೆಯಾಗಿ ಕಾಣುವ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಹೆದರಿ ಆರಿಸಿ ಚೆಲ್ಲಿದವರು ಹಲವು ಊರುಗಳಲ್ಲಿ ಇದ್ದರು. ಅವು ಅಕ್ಕಿಯ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಜೀವಸತ್ತ್ವಗಳನ್ನು ಬೆರೆಸಿ ಕಾಳಿನ ಆಕಾರಕ್ಕೆ ತಂದವು; ನೂರು ಕಾಳಿಗೆ ಒಂದರಂತೆ ಸೇರಿಸಿದವು. ಸಾರವರ್ಧಿತ ಆಹಾರದ ಗುರುತು ಇಂಗ್ಲಿಷಿನ ಎಫ್ ಅಕ್ಷರ ಮತ್ತು ಕೂಡುವ ಚಿಹ್ನೆ. ಆ ಗುರುತನ್ನು ಬಲ್ಲವರೊಬ್ಬರು ಓಣಿಯಲ್ಲಿದ್ದಿದ್ದರೆ ರಕ್ತಹೀನತೆಗೆಂದು ಬಂದ ಕಾಳುಗಳು ತಿಪ್ಪೆಯ ಪಾಲಾಗುತ್ತಿರಲಿಲ್ಲ. ಓದದೆ ನಂಬುವುದು ಎಷ್ಟು ಅಪಾಯವೋ ಓದದೆ ಹೆದರುವುದೂ ಅಷ್ಟೇ ನಷ್ಟ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಓದಬೇಕೆನ್ನುವುದು ಸುಲಭ, ಓದುವವರು ಯಾರು? 2020ರ ನಿಬಂಧನೆಯಂತೆ ಲೇಬಲ್ಲಿನ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರತಕ್ಕದ್ದು. ಅದರ ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಮೇರೆಗೆ, ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಆದೇಶಿಸಿದ್ದು ಸಂತೋಷದ ಸಂಗತಿ. ಆದರೆ ಹೊರಗಿನಿಂದ ಬರುವ ಪೊಟ್ಟಣಗಳಿಗೆ ಇದು ತಟ್ಟದು. ಇನ್ನೂ ಒಂದು ತೊಡಕುಂಟು. ಪೊಟ್ಟಣದ ಮೇಲ್ಮೈ 100 ಚದರ ಸೆಂಟಿಮೀಟರಿಗಿಂತ ಹೆಚ್ಚಿಲ್ಲದಿದ್ದರೆ ಅದರ ಮೇಲೆ ಪದಾರ್ಥಗಳ ಪಟ್ಟಿಯನ್ನಾಗಲಿ ಪೋಷಕಾಂಶಗಳ ಕೋಷ್ಟಕವನ್ನಾಗಲಿ ಹಾಕಬೇಕಾಗಿಲ್ಲ. ಸಗಟು ಪೊಟ್ಟಣದ ಮೇಲೆ ಹಾಕಿದರೆ ಸಾಕು. ಸಗಟು ಪೊಟ್ಟಣವನ್ನು ನೋಡುವವನು ಅಂಗಡಿಯವನು. ಅತಿ ಸಣ್ಣ ಪೊಟ್ಟಣವನ್ನು ಕೊಳ್ಳುವವರೋ, ಕೈಯಲ್ಲಿ ಒಂದೆರಡು ರೂಪಾಯಿಯ ನಾಣ್ಯವಿರುವ ಮಕ್ಕಳು. ಹೀಗೆ ಯಾರಿಗೆ ತಿಳಿವಳಿಕೆ ಅತ್ಯಗತ್ಯವೋ ಅವರ ಕೈಗೇ ಅದು ದೊರೆಯದಂತಾಗಿದೆ.

ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಪರ್ಯಾಪ್ತ ಕೊಬ್ಬು ಅಥವಾ ಕ್ಯಾಲೊರಿ ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲಿಯೇ ಎಂಟು ಮೂಲೆಯ ಕಪ್ಪು ಗುರುತನ್ನು ಹಾಕುವ ಪದ್ಧತಿ ಬಂದಿತು. ನಮ್ಮಲ್ಲಿ 2022ರಲ್ಲಿ ನಕ್ಷತ್ರಗಳ ಗುರುತನ್ನು ಸೂಚಿಸುವ ಕರಡೊಂದು ಹೊರಟಿತು. ಮುಂಭಾಗದ ಗುರುತಿನ ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2025ರ ಏಪ್ರಿಲಿನಲ್ಲಿ ಆ ನ್ಯಾಯಾಲಯವು ತಜ್ಞರ ಶಿಫಾರಸುಗಳನ್ನು ಬೇಗ ಸಿದ್ಧಪಡಿಸುವಂತೆ ಹೇಳಿತು. ನನ್ನ ಅಲ್ಪಮತಿಗೆ ತೋರುವಂತೆ, ನಕ್ಷತ್ರಕ್ಕಿಂತ ಎಚ್ಚರಿಕೆಯ ಗುರುತೇ ನಮ್ಮ ಹಳ್ಳಿಗಳಿಗೆ ಒಪ್ಪುವುದು. ಶಾಖಾಹಾರಕ್ಕೆ ಹಸಿರು ಚುಕ್ಕೆಯೆಂಬುದನ್ನು ಅಕ್ಷರ ಬಾರದ ನಮ್ಮ ಅಜ್ಜಿಯರೂ ಬಲ್ಲರು. ಚುಕ್ಕೆಯನ್ನು ಓದಬಲ್ಲವರು ಕಪ್ಪು ಗುರುತನ್ನೂ ಓದಬಲ್ಲರು. ನಕ್ಷತ್ರವಾದರೋ ಒಂದಿದ್ದರೂ ಬಹುಮಾನದಂತೆಯೇ ಕಾಣುವುದು.

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಸುಳ್ಳು ಲೇಬಲ್ಲಿಗೆ 3 ಲಕ್ಷ ರೂಪಾಯಿಯವರೆಗೂ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೂ ದಂಡ ವಿಧಿಸಲು ಈಗಲೂ ಅವಕಾಶವಿದೆ. ಕೊಂಡವನು ಶುಲ್ಕ ಕಟ್ಟಿ ತಾನೇ ಪದಾರ್ಥವನ್ನು ಪರೀಕ್ಷೆ ಮಾಡಿಸಬಹುದು. ದೋಷ ಕಂಡುಬಂದರೆ ಶುಲ್ಕ ಹಿಂದಕ್ಕೆ ಬರುವುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಗೆ ಕನ್ನಡದಲ್ಲಿಯೇ ದೂರು ಹೇಳಬಹುದು. ಎಲ್ಲಕ್ಕಿಂತ ಸುಲಭವಾದುದು ಮನೆಯ ಲೆಕ್ಕ. ಶೇಂಗಾದಲ್ಲಿ ನೂರು ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನು ಇದೆ. ಪುಟಾಣಿಯಲ್ಲಿಯೂ ಸುಮಾರು 20 ಗ್ರಾಂ. ಮಕ್ಕಳನ್ನು ಎತ್ತರ ಬೆಳೆಸುವೆನೆನ್ನುವ ಪುಡಿಯ ಡಬ್ಬಿಯ ಹಿಂಭಾಗದಲ್ಲಿ ಪ್ರೋಟೀನು ಎಷ್ಟಿದೆ, ಸಕ್ಕರೆ ಎಷ್ಟಿದೆ, ಅದೇ ದುಡ್ಡಿಗೆ ಎಷ್ಟು ಶೇಂಗಾ ಬರುವುದು ಎಂಬ ಮೂರು ಅಂಕಿಗಳನ್ನು ಒಂದು ಚೀಟಿಯ ಮೇಲೆ ಬರೆದು ನೋಡಿದರೆ ಹೆಚ್ಚಿನ ಉಪದೇಶವೇ ಬೇಕಾಗದು.

ನಮ್ಮ ಕಾಲೇಜಿನಲ್ಲಿ ಓದುವ ಬಹುಮಂದಿ, ನನ್ನಂತೆಯೇ, ತಮ್ಮ ಮನೆತನದಲ್ಲಿ ಪದವಿಯ ತರಗತಿಗೆ ಬಂದವರಲ್ಲಿ ಮೊದಲಿಗರು. ಅರ್ಜಿ ತುಂಬುವುದು, ಬ್ಯಾಂಕಿನ ಕಾಗದ ಓದುವುದು, ಆಸ್ಪತ್ರೆಯ ಚೀಟಿ ಓದುವುದು ಇವೆಲ್ಲಕ್ಕೂ ಓಣಿಯವರು ನಮ್ಮನ್ನೇ ಕರೆಯುವರು. ಆ ಸಾಲಿಗೆ ಪೊಟ್ಟಣದ ಬೆನ್ನನ್ನು ಓದಿ ಹೇಳುವುದೂ ಸೇರಲಿ. ಮುಂದಿನ ರಜೆಯಲ್ಲಿ ಪ್ರತಿಯೊಬ್ಬರೂ ಅಕ್ಕಪಕ್ಕದ ಐದು ಮನೆಗಳಲ್ಲಿ, ಆ ಮನೆಯವರು ದಿನವೂ ಕೊಳ್ಳುವ ಒಂದೊಂದು ಪೊಟ್ಟಣವನ್ನು ತೆಗೆದುಕೊಂಡು ಸಕ್ಕರೆ, ಉಪ್ಪು, ಎಣ್ಣೆ ಎಷ್ಟೆಂಬುದನ್ನು ಚಮಚದ ಲೆಕ್ಕದಲ್ಲಿ ಹೇಳಿ ಬಂದರೆ ಸಾಕು. ಇದಕ್ಕೆ ಹಣ ಬೇಡ, ಸಭೆ ಬೇಡ, ಅಧ್ಯಕ್ಷರು ಬೇಡ. ಯಾರ ದುಡಿಮೆಯಿಂದ ನಾವು ನಾಲ್ಕು ಅಕ್ಷರ ಕಲಿತೆವೋ ಅವರ ತಟ್ಟೆಯಲ್ಲಿ ಏನು ಬೀಳುತ್ತಿದೆಯೆಂಬುದನ್ನು ಅವರಿಗೆ ತಿಳಿಸುವಷ್ಟಾದರೂ ಆ ಅಕ್ಷರಗಳು ಉಪಯೋಗಕ್ಕೆ ಬರಲಿ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಕರೂರು